ಮನಿ ಮಾತು ಮತ್ತು ಮೂರನೇ ಕಲಂ: ಒಂದು ಮೀಮಾಂಸೆ

ಶಾಸ್ತ್ರದ ಪದ್ಧತಿಯಂತೆ ಮೊದಲು ವಿಷಯ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2023ರ ಆಗಸ್ಟ್ 11ರಂದು. ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ. ಮುಖ್ಯ ಕಟ್ಟುಪಾಡುಗಳಿಗೆ ಅಲ್ಲಿಂದ 18 ತಿಂಗಳ ಗಡುವು, ಅಂದರೆ 2027ರ ಮೇ ತಿಂಗಳು, ತುಂಬು ಲಗ್ನಸರಾಯಿ. ಇದು ಕಾಕತಾಳೀಯ ಎಂದು ದಿಲ್ಲಿಯವರು ಹೇಳಿಯಾರು. ಬೆಳಗಾವಿ ಬದಿಯ ಖಾನಾಪುರದವರು ಒಪ್ಪುವುದು ಕಷ್ಟ.

ಈ ಕಾಯ್ದೆಯ 3ನೇ ಕಲಮಿನಲ್ಲಿ ಒಂದು ಕಿಂಡಿಯಿದೆ. ವ್ಯಕ್ತಿಯೊಬ್ಬರು ತಮ್ಮ ಸ್ವಂತದ ಅಥವಾ ಮನೆಯ ಉದ್ದೇಶಕ್ಕೆ ಬಳಸುವ ಮಾಹಿತಿಗೆ ಕಾಯ್ದೆ ತಾಗುವುದಿಲ್ಲ. ಕಂಪನಿಯೊಂದು ಕಾವಲು ಸಡಿಲಬಿಟ್ಟು ಮಾಹಿತಿ ಸೋರಿಸಿದರೆ 250 ಕೋಟಿ ರೂಪಾಯಿವರೆಗೆ ದಂಡ. ಅದೇ ಮಾಹಿತಿಯನ್ನು ಬೆಳಗಾವಿ ಟಿಳಕವಾಡಿಯ ಕಾಕೂ ಸೋರಿಸಿದರೆ ಒಂದು ಕಪ್ ಚಹಾ, ಮೇಲೆ ಚೂಡಾ.

ಇನ್ನು ಸಂಶಯ. ಮನೆ ಎಲ್ಲಿಗೆ ಮುಗಿಯುತ್ತದೆ? 'ಮನೆಯ ಉದ್ದೇಶ' ಎಂದರೇನೆಂದು ಕಾಯ್ದೆ ಬಿಡಿಸಿ ಹೇಳಿಲ್ಲ. ಬಾಗಿಲಿಗೆ ಮುಗಿಯಿತು ಎನ್ನುವವರು ಶಹಾಪುರದ ಕಟ್ಟಿಯ ಮೇಲೆ ಕೂತವರಲ್ಲ. ಸಂಜೆ ಕಟ್ಟಿಯ ಮೇಲೆ ಕೂತವರಿಗೆ ಯಾರ ಮಗ ಪುಣೆಯಲ್ಲಿ ಕೆಲಸ ಬಿಟ್ಟ, ಯಾರ ಸೊಸೆ ಯಾವ ದವಾಖಾನೆಗೆ ಹೋದಳು ಎಂಬುದೆಲ್ಲ ಗೊತ್ತು. ವಡಗಾವಿಯವರ ಅದೃಷ್ಟವೇ ಬೇರೆ. ಅಲ್ಲಿ ಪವರ್‌ಲೂಮಿನ ಸದ್ದಿರುವಷ್ಟು ಹೊತ್ತು ಯಾರ ಮಾತೂ ಯಾರಿಗೂ ಕೇಳಿಸದು. ಇಷ್ಟು ಗಟ್ಟಿಯಾದ ಗೂಢಲಿಪೀಕರಣವನ್ನು ಯಾವ ಆ್ಯಪಿನವರೂ ಇನ್ನೂ ಕೊಟ್ಟಿಲ್ಲ. ಕರೆಂಟು ಹೋದಾಗ ಮಾತ್ರ ಎಲ್ಲರೂ ಗಪ್‌ಚಿಪ್.

ಪೂರ್ವಪಕ್ಷದವರು ಹೀಗೆ ವಾದಿಸಬಹುದು: ಮನೆಯಲ್ಲಿ ಇರುವ ಮಾಹಿತಿಯಾದರೂ ಎಷ್ಟು? ಹಾಲಿನ ರತೀಬಿನ ಲೆಕ್ಕ, ನಾಲ್ಕು ಫೋನ್ ನಂಬರು. ಅದಕ್ಕೆಂದೇ ಕಾಯ್ದೆ ಬಿಟ್ಟುಕೊಟ್ಟಿದೆ.

ಈ ವಾದದ ಖಂಡನೆಗೆ ಲಗ್ನದ ಮುಯ್ಯಿ ಬರೆದಿಡುವ ಆಯೇರದ ವಹಿಯೊಂದೇ ಸಾಕು. ನೂರು ಪುಟದ ರೂಲ್ಡ್ ವಹಿ. ಮೊದಲ ಪುಟದ ನೆತ್ತಿಯಲ್ಲಿ 'ಶ್ರೀ', ನಾಲ್ಕು ಮೂಲೆಗೆ ಅರಿಷಿಣ. ಮದುವೆ ಮಂಟಪದ ಒಂದು ಮೂಲೆಯಲ್ಲಿ ಟೇಬಲ್ಲು. ಪಾಕೀಟು ಒಡೆದು ನೋಟು ಎಣಿಸಲು ಒಬ್ಬ ನಂಬಿಗಸ್ತ ಕಾಕಾ, ಬರೆಯಲು ಅಕ್ಷರ ದುಂಡಗಿರುವ ಒಬ್ಬ ಹುಡುಗ. 'ನಂದಗಡದ ಮಾವಶಿ, 251, ಪತ್ತಲ ಒಂದು.' 'ಲೋಂಡಾದ ರೇಲ್ವೆ ಕಾಕಾ, 501.' 'ಜಾಂಬೋಟಿಯವರು, ಸ್ಟೀಲಿನ ಕೊಡ, ಮುಚ್ಚಳ ಇಲ್ಲ.' ಮುಚ್ಚಳ ಇಲ್ಲ ಎಂಬ ಷರಾ ಗಮನಿಸಬೇಕು. ಮಾಹಿತಿ ಪೂರ್ಣವೂ ನಿಖರವೂ ಆಗಿರಲಿ ಎಂದು ಕಾಯ್ದೆ ಈಗ ಬೇಡುತ್ತಿರುವುದನ್ನು ಖಾನಾಪುರ ತಾಲೂಕು ಎಂದೋ ಪಾಲಿಸಿ ತೋರಿಸಿದೆ.

ಉದ್ದೇಶ ತೀರಿದ ಮೇಲೆ ಮಾಹಿತಿ ಅಳಿಸಬೇಕೆಂದು ಕಾಯ್ದೆ ಕಂಪನಿಗಳಿಗೆ ಹೇಳುತ್ತದೆ. ಆಯೇರದ ಉದ್ದೇಶ ತೀರುವುದು ಕೊಟ್ಟವರ ಮನೆಯಲ್ಲಿ ಲಗ್ನವಾದಾಗ. ಅವರ ಮಗಳು ಈಗ ಒಂದನೇ ಇಯತ್ತೆಯಲ್ಲಿದ್ದರೆ ವಹಿಯನ್ನು ಇಪ್ಪತ್ತು ವರ್ಷ ಟ್ರಂಕಿನಲ್ಲಿ, ಜರತಾರಿ ಸೀರೆಯ ಕೆಳಗೆ, ಡಾಂಬರ ಗುಳಿಗೆ ಹಾಕಿ ಕಾಪಾಡಬೇಕು. ಅಲ್ಲಿಯತನಕ ಅದಕ್ಕೆ ಕೈ ಹಾಕುವ ಅಧಿಕಾರ ಮನೆಯ ಹಿರಿಯ ಅತ್ತೆಗೆ ಮಾತ್ರ. ಮೇಲಾಗಿ ಇದು ಕಾಗದ. ಕಾಯ್ದೆ ಹಿಡಿಯುವುದು ಡಿಜಿಟಲ್ ಮಾಹಿತಿಯನ್ನು, ಇಲ್ಲವೇ ಕಾಗದದಿಂದ ಡಿಜಿಟಲ್ ಆದದ್ದನ್ನು. ಗೆದ್ದಲಿಗೆ ಹೆದರಿ ಅಳಿಯ ಪುಟಗಳ ಫೋಟೋ ಹೊಡೆದಿಟ್ಟ ಕ್ಷಣ ವಹಿ ಕಾಯ್ದೆಯ ಅಂಗಳಕ್ಕೆ ಕಾಲಿಟ್ಟಿತು. ಆದರೆ ಉದ್ದೇಶ ಮನೆಯದೇ, ಹಾಗಾಗಿ ಹಿಂದಿನ ಬಾಗಿಲಿನಿಂದ ಹೊರಗೂ ಬಂದಿತು. ಆ ಫೋಟೋವನ್ನು ಅಳಿಯ 'ಯಾರು ಎಷ್ಟು ಮಾಡ್ಯಾರ ನೋಡ್ರಿ' ಎಂದು ಸ್ಟೇಟಸ್ಸಿಗೆ ಹಾಕಿದರೆ? ಅಲ್ಲಿ ನಮಗೆ ಕಾಯ್ದೆಗಿಂತ ಅತ್ತೆಯ ಭಯ ಹೆಚ್ಚು.

ಸ್ಟೇಟಸ್ಸಿನ ಪ್ರಶ್ನೆ ಯುರೋಪಿನಲ್ಲಿ ಹಳೆಯದು. ಸ್ವೀಡನ್ನಿನ ಬೋಡಿಲ್ ಲಿಂಡ್‌ಕ್ವಿಸ್ಟ್ ಎಂಬಾಕೆ ಚರ್ಚಿನ ಸಹಕೆಲಸಗಾರರ ಬಗ್ಗೆ ಅಂತರ್ಜಾಲದಲ್ಲಿ ಬರೆದಳು. ಒಬ್ಬರ ಕಾಲಿಗೆ ಪೆಟ್ಟಾಗಿದೆ ಎಂಬುದನ್ನೂ ಬಿಡಲಿಲ್ಲ. ಲೆಕ್ಕವಿಲ್ಲದಷ್ಟು ಜನರಿಗೆ ಸಿಗುವಂತೆ ಹಾಕಿದ್ದು ಮನೆಮಾತಲ್ಲ ಎಂದು ಯುರೋಪಿನ ನ್ಯಾಯಾಲಯ 2003ರಲ್ಲಿ ತೀರ್ಪಿತ್ತಿತು. 2020ರಲ್ಲಿ ನೆದರ್‌ಲ್ಯಾಂಡ್ಸಿನ ಕೋರ್ಟೊಂದು, ಮಗಳ ದೂರಿನ ಮೇರೆಗೆ, ಅಜ್ಜಿಯೊಬ್ಬಳಿಗೆ ಮೊಮ್ಮಕ್ಕಳ ಫೋಟೋಗಳನ್ನು ಫೇಸ್‌ಬುಕ್ಕಿನಿಂದ ತೆಗೆಯುವಂತೆ ಆದೇಶಿಸಿತು. ತಪ್ಪಿದರೆ ದಿನಕ್ಕೆ 50 ಯೂರೋ. ಕಾಲುಪೆಟ್ಟಿನ ಸುದ್ದಿ ನಮ್ಮಲ್ಲಿ ಹಬ್ಬುವುದು ಔಷಧ ಹೇಳುವ ನೆಪದಲ್ಲಿ. ಲಿಂಡ್‌ಕ್ವಿಸ್ಟ್ ಬಾಯಿ ಅನಗೋಳದಲ್ಲಿ ಹುಟ್ಟಿದ್ದರೆ 'ಭಾಳ ಕಾಳಜಿ ಮಾಡ್ತಾಳ' ಎಂದು ಹೆಸರಾಗುತ್ತಿದ್ದಳು.

ಕ್ಯಾಮೆರಾ ಪ್ರಕರಣ ಇನ್ನೂ ಸಿಕ್ಕು. ಝೆಕ್ ದೇಶದ ರಿನೆಶ್ ಎಂಬವರು ಕಿಟಕಿ ಒಡೆಯುವವರನ್ನು ಹಿಡಿಯಲು ಮನೆಗೆ ಕ್ಯಾಮೆರಾ ಕಟ್ಟಿಸಿದರು. ಅದು ಎದುರಿನ ರಸ್ತೆಯನ್ನೂ ಕಾಣುತ್ತಿದ್ದುದರಿಂದ ಬರಿಯ ಮನೆಯ ಕೆಲಸವೆನಿಸದು ಎಂದು ಯುರೋಪಿನ ಅದೇ ನ್ಯಾಯಾಲಯ 2014ರಲ್ಲಿ ಹೇಳಿತು. ಶಹಾಪುರದ ಬೋಳದಲ್ಲಿ ಎದುರುಬದುರು ಬಾಗಿಲುಗಳ ನಡುವೆ ಒಂದು ಸ್ಕೂಟರ್ ನುಸುಳಿದರೆ ಹೆಚ್ಚು. ಅಲ್ಲಿ ಸ್ವಂತ ಹೊಸ್ತಿಲನ್ನಷ್ಟೇ ನೋಡುವ ಕ್ಯಾಮೆರಾ ಇನ್ನೂ ಹುಟ್ಟಬೇಕಷ್ಟೆ. ಮನೆಯ ಒಳಗಾದರೂ ಪೂರ್ತಿ ಬಿಡುವಿಲ್ಲ. ಒಂದೇ ಮನೆಯಲ್ಲಿದ್ದ ಅಣ್ಣತಮ್ಮಂದಿರ ವ್ಯಾಜ್ಯದಲ್ಲಿ, ಜೊತೆಗಿರುವವರ ಒಪ್ಪಿಗೆಯಿಲ್ಲದೆ ವಾಸದ ಭಾಗದಲ್ಲಿ ಕ್ಯಾಮೆರಾ ಕೂಡದು ಎಂದು ಕಲ್ಕತ್ತಾ ಹೈಕೋರ್ಟ್ 2025ರಲ್ಲಿ ಹೇಳಿತು. ಸುಪ್ರೀಂ ಕೋರ್ಟ್ ಅದಕ್ಕೆ ಕೈಹಚ್ಚಲಿಲ್ಲ. ಅಂದರೆ ಮೂರನೇ ಕಲಂ ಬಿಟ್ಟರೂ ಸಂವಿಧಾನ ಬಿಡದು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳಿಂದ ಹೇಳಿಸಿದ ಅರ್ಜಿದಾರರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಇಲ್ಲಿ ಅಣಕವನ್ನು ಸ್ವಲ್ಪ ಬದಿಗಿಡೋಣ. ಹುಬ್ಬಳ್ಳಿಯ ಹೆಣ್ಣುಮಗಳೊಬ್ಬಳು ಜೀವನಾಂಶದ ಆದೇಶ ಕೈಯಲ್ಲಿ ಹಿಡಿದು, ಕಾಣೆಯಾದ ಗಂಡನ ವಿಳಾಸವನ್ನು ಆಧಾರ್ ಪ್ರಾಧಿಕಾರದವರಲ್ಲಿ ಕೇಳಿದಳು. ಮದುವೆಯಾದ ಮಾತ್ರಕ್ಕೆ ಗಂಡನ ವಾದ ಕೇಳದೆ ಅವನ ವಿವರ ಕೊಡಲಾಗದು ಎಂದು ಹೈಕೋರ್ಟಿನ ಧಾರವಾಡ ಪೀಠ 2023ರಲ್ಲಿ ಹೇಳಿತು. ಕಾನೂನಿನ ಕಣ್ಣಲ್ಲಿ ಸರಿಯೇ. ಆದರೂ ನೋಡಿ: ಬೇಡದವರ ಸುದ್ದಿ ಬಾಗಿಲಿಗೆ ಬರುತ್ತದೆ, ಬೇಕಾದವನ ವಿಳಾಸ ಹೈಕೋರ್ಟಿಗೆ ಹೋದರೂ ಸಿಗುವುದಿಲ್ಲ.

ಮತ್ತೆ ಶಾಸ್ತ್ರಕ್ಕೆ ಬರೋಣ. ತಾನಾಗಿಯೇ ಸಾರ್ವಜನಿಕಗೊಳಿಸಿದ ಮಾಹಿತಿಗೂ ಕಾಯ್ದೆ ಅನ್ವಯಿಸದು. ಇದು ಅದೇ ಮೂರನೇ ಕಲಮಿನ ಇನ್ನೊಂದು ಕಿಂಡಿ. ಭೀಮಗಡದ ಕಾಡಂಚಿನ ಊರುಗಳಲ್ಲಿ ರೇಂಜ್ ಬೇಕಾದರೆ ದಿನ್ನೆ ಹತ್ತಬೇಕು. ಅಲ್ಲಿ ನಿಂತು 'ಶುಗರ್ ಮುನ್ನೂರಾ ಹತ್ತು ಆಗೇತಿ' ಎಂದು ಬೆಳಗಾವಿಯ ಮಗನಿಗೆ ಕೂಗಿ ಹೇಳಿದ ಅಜ್ಜ ತನ್ನ ಆರೋಗ್ಯದ ಮಾಹಿತಿಯನ್ನು ಕಣಿವೆಗೆಲ್ಲ ಅರ್ಪಿಸಿದಂತೆಯೇ ಎಂಬುದು ನಮ್ಮ ಮತ.

ಭಿಶಿಯ, ಅಂದರೆ ಚೀಟಿಯ, ಗುಂಪಿನಲ್ಲಿ ಯಾರು ಈ ತಿಂಗಳು ರೊಕ್ಕ ಕೊಟ್ಟಿಲ್ಲ ಎಂದು ಹೆಸರು ಹಿಡಿದು ಹಾಕುವುದು ಮನೆಯ ಉದ್ದೇಶವೇ ಎಂಬುದನ್ನು ಭಿಶಿ ನಡೆಸುವವರ ಕಿವಿಗೆ ಬೀಳದ ಜಾಗದಲ್ಲಿ ಚರ್ಚಿಸತಕ್ಕದ್ದು.

ಉಳಿದದ್ದು ಬಯೋಡೇಟಾ. ಕನ್ಯೆಯ ಎತ್ತರ, ನಕ್ಷತ್ರ, ಪಗಾರ, ಮಾಮಾನ ಊರು, ಕುಂಕುಮ ಬಣ್ಣದ ಸೀರೆಯುಟ್ಟ ಫೋಟೋ, ಎಲ್ಲವೂ ಒಂದು ಪುಟದಲ್ಲಿ. ಒಪ್ಪಿಗೆ ಪಡೆಯುವ ವಿಧಿ ಹೀಗೆ: 'ವೈನಿ, ಗ್ರೂಪಿನ್ಯಾಗ ಹಾಕ್ಲೇನ್ರಿ?' 'ಹಾಕ್ರಿ ಹಾಕ್ರಿ, ಅದರಾಗ ಕೇಳೂದೇನೈತಿ.' ಕನ್ಯೆಯನ್ನು ಕೇಳಿದ ಪುರಾವೆ ನಮ್ಮ ಸಂಶೋಧನೆಯಲ್ಲಿ ಸಿಕ್ಕಿಲ್ಲ. ಖಾನಾಪುರದಿಂದ ಹೊರಟ ಆ ಪುಟ, 26 ಕಿಲೋಮೀಟರು ದೂರದ ಬೆಳಗಾವಿಗೆ ಬಸ್ಸು ಮುಟ್ಟುವ ಮೊದಲೇ ನಿಪ್ಪಾಣಿ, ಕೊಲ್ಲಾಪುರ ದಾಟಿರುತ್ತದೆ.

ಸಂಬಂಧ ಕುದುರಿಸಿದ ಮಾವಶಿಗೆ ಎರಡೂ ಕಡೆಯವರು ಉಡಿ ತುಂಬಿ ಪತ್ತಲ ಕೊಟ್ಟರೆ ಅದು ವೃತ್ತಿಯ ಪ್ರತಿಫಲವೋ ಪ್ರೀತಿಯೋ? ಪ್ರತಿಫಲವಾದರೆ ವಿನಾಯಿತಿ ಹೋಯಿತು. ನೋಟೀಸು, ಒಪ್ಪಿಗೆ, ಅಳಿಸುವಿಕೆ ಎಲ್ಲವೂ ಅವಳ ಕೊರಳಿಗೆ. ನಮ್ಮ ಸಿದ್ಧಾಂತ ಇಷ್ಟು: ಒಂದು ಕಿಲೋ ಕುಂದಾತನಕ ಗೃಹಕೃತ್ಯ, ರೇಷ್ಮೆ ಬಂದಲ್ಲಿ ವ್ಯಾಪಾರ. ಇದನ್ನು ಅಂಥ ಮಾವಶಿಯೊಬ್ಬಳ ಮುಂದೆ ಓದಿದಾಗ ಆಕೆ ಸಾವಕಾಶ ಕೇಳಿಸಿಕೊಂಡು, 'ಪತ್ತಲ ಕೊಟ್ರು ಖರೇ, ಮ್ಯಾಲ ಖಣ ಇಡೂದ ಮರತಾರ. ಅದನ್ನೂ ಬರ್ಕೋ' ಎಂದಳು.