ಐವತ್ತು ರೂಪಾಯಿ ದಂಡದವರಿಗೊಂದು ಬಹಿರಂಗ ಪತ್ರ

ಶ್ರೀಮಾನ್ ಐವತ್ತು ರೂಪಾಯಿ ದಂಡದವರಿಗೆ,
ಕೇರಾಫ್ ಕಲಂ 11(1), ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960.

ಉಭಯಕುಶಲೋಪರಿ. ಇತ್ತ ನಾವೆಲ್ಲ ಕ್ಷೇಮ. ತಾವೂ ಕ್ಷೇಮವಾಗಿದ್ದೀರೆಂದು ಕೇಳದೆಯೇ ಬಲ್ಲೆ. ಅರವತ್ತು ದಾಟಿದರೂ ತಮ್ಮ ಮೈಗೆ ಒಂದು ಪೈಸೆಯೂ ಹತ್ತಿಲ್ಲ. ಚಿನ್ನದ ಬೆಲೆ ಏರಿತು, ಅಡುಗೆ ಎಣ್ಣೆ ಏರಿತು, ಶಾಸಕರ ಸಂಬಳವೂ ಏರಿತು. ತಾವು ಮಾತ್ರ ಹುಟ್ಟಿದಾಗ ಎಷ್ಟಿದ್ದಿರೋ ಈಗಲೂ ಅಷ್ಟೇ: ಪ್ರಾಣಿಯನ್ನು ಹೊಡೆದು ಹಿಂಸಿಸಿದವನಿಗೆ ಮೊದಲ ತಪ್ಪಿಗೆ ಗರಿಷ್ಠ 50 ರೂಪಾಯಿ. ತಮ್ಮ ಕನಿಷ್ಠ ಮೊತ್ತ ಈಗ 10 ರೂಪಾಯಿ. ಈ ಕಲಿಗಾಲದಲ್ಲಿ ಇಂಥ ಸ್ಥಿತಪ್ರಜ್ಞರು ಸಿಗುವುದು ದುರ್ಲಭ.

ತಮ್ಮ ಸಮಭಾವವೂ ಮೆಚ್ಚತಕ್ಕದ್ದೇ. ಕೋಳಿಯಾಗಲಿ, ಕೋಣವಾಗಲಿ, ಆನೆಯಾಗಲಿ, ತಮಗೆ ಭೇದವಿಲ್ಲ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂದು ನಮ್ಮ ಹಿರಿಯರು ಲೆಕ್ಕ ಹಾಕಿದ್ದರು. ಹೊಡೆದರೆ ಎಷ್ಟು ಎನ್ನುವ ಕಾಲಂ ಖಾಲಿ ಉಳಿದಿತ್ತು. ತಾವು ಬಂದು ತುಂಬಿದಿರಿ. ಕೊಂದರೆ ಲೆಕ್ಕ ಬೇರೆ. ಆನೆಯನ್ನು ಕೊಂದವನಿಗೆ, ಅಂಗ ಊನ ಮಾಡಿದವನಿಗೆ ಭಾರತೀಯ ದಂಡ ಸಂಹಿತೆಯ 429ನೇ ಕಲಂನಲ್ಲಿ ಐದು ವರ್ಷದವರೆಗೆ ಜೈಲಿತ್ತು, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ. ಅಂದರೆ ಸಾಯದಂತೆ, ಕುಂಟಾಗದಂತೆ ಹದವಾಗಿ ಹೊಡೆಯಲು ಬಲ್ಲವನು ತಮ್ಮ ಆಶ್ರಯಕ್ಕೆ ಬಂದರೆ ಸಾಕು. ಆನೆ ಪಳಗಿಸುವ ಕಲೆಯೂ ಈ ಹದದ ಮೇಲೇ ನಿಂತಿದೆ.

ತಮ್ಮ ಬೆಲೆಯ ಅಂದಾಜು ಸಿಗಬೇಕಾದರೆ ಆನೆ ಕಟ್ಟಿರುವ ಯಾವುದಾದರೂ ದೇವಸ್ಥಾನದ ಮುಂದೆ ಬೆಳಗ್ಗೆ ಹೋಗಿ ನಿಲ್ಲಬೇಕು. ಭಕ್ತರೊಬ್ಬರು ಹತ್ತರ ನೋಟು ಚಾಚುತ್ತಾರೆ. ಸೊಂಡಿಲ ತುದಿಯ ಬೆರಳಿನಂಥ ಮೊನೆ ಆ ನೋಟನ್ನು ಸುಕ್ಕಾಗದಂತೆ ಹಿಡಿದು, ಮಾವುತನ ಕೈಗೆ ದಾಟಿಸಿ, ಬಗ್ಗಿದ ತಲೆಯನ್ನು ಒಮ್ಮೆ ಮುಟ್ಟುತ್ತದೆ. ಅಷ್ಟು ಹೊತ್ತೂ ಕಾಲಿನ ಸರಪಳಿ ಕಲ್ಲುಹಾಸಿನ ಮೇಲೆ ಹಿಂದಕ್ಕೂ ಮುಂದಕ್ಕೂ ಉಜ್ಜುತ್ತಿರುತ್ತದೆ, ಯಾಕೆಂದರೆ ಆನೆ ನಿಂತಲ್ಲೇ ತೂಗುತ್ತಿದೆ. “ಆನೆ ಡ್ಯಾನ್ಸ್ ಮಾಡ್ತಿದೆ ನೋಡು” ಎಂದು ಅಮ್ಮ ಮಗುವಿಗೆ ತೋರಿಸುತ್ತಾಳೆ. ಅದೇ ತೂಗಾಟವನ್ನು ಕಂಡ ಪಶುವೈದ್ಯರು, ಕಟ್ಟಿಹಾಕಿದ ಪ್ರಾಣಿಯ ಮನಸ್ಸು ಕೆಟ್ಟಿದೆ ಎನ್ನುತ್ತಾರೆ. ಅದಿರಲಿ, ಲೆಕ್ಕಕ್ಕೆ ಬರೋಣ. ಒಂದು ಆಶೀರ್ವಾದಕ್ಕೆ ತಮ್ಮ ಕನಿಷ್ಠ ಮೊತ್ತ, ಐದು ಆಶೀರ್ವಾದಕ್ಕೆ ಗರಿಷ್ಠ ಮೊತ್ತ. ತನ್ನನ್ನು ಹೊಡೆದವನ ದಂಡವನ್ನು ಆನೆ ತಾನೇ ದುಡಿದು ಕಟ್ಟಬಲ್ಲದು, ಅದೂ ಮಂಗಳಾರತಿಗೆ ಮುಂಚೆ.

ಆದರೆ ತಮ್ಮನ್ನು ವಸೂಲು ಮಾಡುವುದೇ ಕಷ್ಟ ನೋಡಿ. ತಮ್ಮ ಬೆಲೆಗಿಂತ ತಮ್ಮ ಮನೆತನ ನನಗೆ ಹೆಚ್ಚು ಸೋಜಿಗ. ಆನೆಗೆ ಹೊಡೆಯುವುದನ್ನು ಪೊಲೀಸರೇ ಕಣ್ಣಾರೆ ಕಂಡರೂ ತಾವಾಗಿ ಕೇಸು ಹಾಕುವಂತಿಲ್ಲ, ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಕು. ಇನ್ನು ತಮ್ಮ ಸೋದರ, 36ನೇ ಕಲಂ. ಅಪರಾಧ ನಡೆದು ಮೂರು ತಿಂಗಳು ಕಳೆದರೆ ಮೊಕದ್ದಮೆ ಹೂಡುವಂತಿಲ್ಲ ಎಂದು ಬಾಗಿಲು ಹಾಕಿಕೊಳ್ಳುವ ಮಹಾನುಭಾವರು ಅವರು.

ಮೂರು ತಿಂಗಳಲ್ಲಿ ಏನೇನು ಆಗುತ್ತದೆ ಎಂಬುದನ್ನು ಆನೆ ಬಲ್ಲದು. ಕಾಡಿನಿಂದ ಹಿಡಿದು ತಂದ ಆನೆಯನ್ನು ದಪ್ಪ ದಿಮ್ಮಿಗಳ ದೊಡ್ಡಿಗೆ ನೂಕುತ್ತಾರೆ. ನಮ್ಮ ಶಿಬಿರಗಳವರ ಬಾಯಲ್ಲಿ ಅದು ಕ್ರಾಲ್. ಆನೆ ಗುದ್ದಿದರೆ ಮರವೂ ಅಲುಗದು, ಮನುಷ್ಯನೂ ಅಲುಗನು. ತಿಂಗಳುಗಟ್ಟಲೆ ಅಲ್ಲೇ ವಾಸ. ಕಬ್ಬು ಬೆಲ್ಲ ಕೊಟ್ಟು, ಹಗ್ಗದ ಗಾಯಕ್ಕೆ ಮದ್ದು ಹಚ್ಚಿ, ಮಾತಾಡಿಸಿ ಒಲಿಸಿಕೊಳ್ಳುವ ಮಾವುತರು, ಕಾವಾಡಿಗಳು ನಮ್ಮಲ್ಲಿದ್ದಾರೆ. ಆ ಕೆಲಸದಲ್ಲಿ ನುರಿತ ಜೇನುಕುರುಬರ ಜಾಣ್ಮೆಗೆ ನಾನು ಕೈಮುಗಿಯುತ್ತೇನೆ. ಅಷ್ಟು ತಾಳ್ಮೆಯಿಲ್ಲದ ಕಡೆ ಹಸಿವು, ಕೋಲು ಮತ್ತು ಕಿವಿಯ ಹಿಂದಿನ ಮೆತ್ತನೆಯ ಚರ್ಮಕ್ಕೆ ಅಂಕುಶದ ಮೊನೆ ಪಾಠ ಹೇಳುತ್ತವೆ. ಕೇರಳದಲ್ಲಿ ಮದ ಇಳಿದ ಆನೆಯನ್ನು ಸರಪಳಿ ಬಿಚ್ಚುವ ಮುನ್ನ ಬಗ್ಗುವ ತನಕ ಬಡಿಯುವ ಪದ್ಧತಿಗೆ ‘ಕೆಟ್ಟಿಯಳಿಕ್ಕಲ್’ ಎಂಬ ಹೆಸರೇ ಇದೆ. ಗಾಯ ಮಾಯುವಷ್ಟರಲ್ಲಿ ಮೂರು ತಿಂಗಳಾಗಿರುತ್ತದೆ. ಆನೆ ಹೊರಬರುವಾಗ ಸೊಂಡಿಲೆತ್ತಿ ನಮಸ್ಕಾರ ಮಾಡುತ್ತದೆ. ಅಪರಾಧಕ್ಕೆ ಉಳಿದಿರುವ ಸಾಕ್ಷಿ ಆ ನಮಸ್ಕಾರ ಒಂದೇ. ಅದನ್ನು ಕಂಡು ನಾವು ಚಪ್ಪಾಳೆ ತಟ್ಟುತ್ತೇವೆ.

ಹಾಗೂ ಹೀಗೂ ಕೇಸು ನಿಂತಿತೆನ್ನಿ. ತಮ್ಮ ಕಲಂ ಕೇಳುವುದು ‘ಅನಗತ್ಯ’ ನೋವು ಆಯಿತೇ ಎಂದು. ಅಗತ್ಯವಿತ್ತೋ ಇಲ್ಲವೋ ಎಂದು ಹೇಳಬೇಕಾದವನು ಕೋಲು ಹಿಡಿದವನು. ಅವನೋ ದಿನಗೂಲಿಯವನು, ಅವನ ತಲೆಗೆ ಕೇಸು ಕಟ್ಟುವುದು ಸುಲಭ. ಆನೆಯ ಯಜಮಾನರ ವಿಷಯದಲ್ಲಿ ತಮ್ಮ ಕಾಯ್ದೆಗೆ ಎಂಥ ಸಂಕೋಚ! ಸರಿಯಾಗಿ ನೋಡಿಕೊಳ್ಳಲಿಲ್ಲ ಎಂಬ ಕಾರಣಕ್ಕಷ್ಟೇ ಮಾಲೀಕ ತಪ್ಪಿತಸ್ಥನಾದರೆ, ದಂಡ ಕಟ್ಟುವ ಅವಕಾಶ ಕೊಡದೆ ಅವನನ್ನು ಜೈಲಿಗೆ ಕಳಿಸುವಂತಿಲ್ಲ ಎಂದು 11(2)ರಲ್ಲಿ ಬರೆದಿಟ್ಟಿದೆ. ಮತ್ತೆ ತಪ್ಪು ಮಾಡಿದರೆ? ಮೂರು ವರ್ಷದೊಳಗಾದರೆ 25ರಿಂದ 100 ರೂಪಾಯಿ, ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮೂರು ವರ್ಷ ಕಾದು ಹೊಡೆದರೆ ಪುನಃ ಮೊದಲ ತಪ್ಪು, ಪುನಃ ತಾವು. ಆನೆ ಮರೆಯುವುದಿಲ್ಲ ಎನ್ನುತ್ತಾರೆ, ಕಾಯ್ದೆ ಮರೆಯುತ್ತದೆ.

ಸುಂದರನ ಕಥೆ ತಮಗೆ ನೆನಪಿರಬಹುದು. ಕೊಲ್ಹಾಪುರದ ಜ್ಯೋತಿಬಾ ದೇವಸ್ಥಾನಕ್ಕೆ 2007ರಲ್ಲಿ ದಾನವಾಗಿ ಬಂದ ಆನೆ. ಸರಪಳಿ ಬಿಗಿದು ಶೆಡ್ಡಿನಲ್ಲಿ ಕೂಡಿಟ್ಟಿದ್ದರು. ಬಿಡುಗಡೆಗೆ 2012ರಲ್ಲೇ ಆದೇಶವಾಯಿತು, ಬಿಡುಗಡೆ ಮಾತ್ರ ಆಗಲಿಲ್ಲ. ಮಾವುತ ಅದನ್ನು ಬಡಿಯುವ ವಿಡಿಯೊ ಊರೆಲ್ಲ ನೋಡಿತು. ಬಾಂಬೆ ಹೈಕೋರ್ಟ್ ಆದೇಶ ಕೊಟ್ಟು, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದ ಮೇಲೆ 2014ರ ಜೂನ್‌ನಲ್ಲಿ ಸುಂದರ ಲಾರಿ ಹತ್ತಿ ನಮ್ಮ ಬನ್ನೇರುಘಟ್ಟಕ್ಕೆ ಬಂದ. ಎರಡು ನ್ಯಾಯಾಲಯ, ಎರಡು ರಾಜ್ಯ, ವಕೀಲರ ಫೀಸು, ಲಾರಿ ಬಾಡಿಗೆ ಇಷ್ಟೆಲ್ಲ ಖರ್ಚಾದ ಮೇಲೆ ತಮ್ಮ ಪಾಲಿನ ಕೊಡುಗೆಯನ್ನು ಹುಡುಕಿದೆ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಅದೇ 2014ರ ಮೇ ತಿಂಗಳಲ್ಲಿ ಜಲ್ಲಿಕಟ್ಟು ಪ್ರಕರಣದ ತೀರ್ಪು ಬಂತು. 11ನೇ ಕಲಂ ಉಲ್ಲಂಘನೆಗೆ ತಕ್ಕ ಶಿಕ್ಷೆಯಾಗುವಂತೆ ಸಂಸತ್ತು ಕಾಯ್ದೆ ತಿದ್ದೀತೆಂದು ಸುಪ್ರೀಂ ಕೋರ್ಟ್ ಅದರಲ್ಲಿ ನಿರೀಕ್ಷೆ ಇಟ್ಟುಕೊಂಡಿತು. ತಾವು ಬೆವರಿರಬೇಕು. ಬೆವರುವ ಅಗತ್ಯವಿರಲಿಲ್ಲ. ಎಂಟು ವರ್ಷ ಕಳೆದು, 2022ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಒಂದು ಕರಡು ಮಸೂದೆ ಹೊರತಂದಿತು. ಘೋರ ಕ್ರೌರ್ಯಕ್ಕೆ ಸಾವಿರಗಳ ಲೆಕ್ಕದ ದಂಡ, ವರ್ಷಗಳ ಲೆಕ್ಕದ ಜೈಲು ಎಂದಿತು, ಸಾರ್ವಜನಿಕರ ಅಭಿಪ್ರಾಯವನ್ನೂ ಕೇಳಿತು. ಅಭಿಪ್ರಾಯ ಹೇಳಿ ಜನ ಸುಮ್ಮನಾದರು, ಕೇಳಿ ಸರ್ಕಾರ ಸುಮ್ಮನಾಯಿತು. ರಾಜ್ಯಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿ ತಮ್ಮ ಕಾಯ್ದೆಗೆ ನಾಂದಿ ಹಾಡಿದ ರುಕ್ಮಿಣಿ ದೇವಿ ಅರುಂಡೇಲ್ ಅವರು ಈಗಿದ್ದಿದ್ದರೆ ತಮ್ಮನ್ನು ಕಂಡು ಏನೆನ್ನುತ್ತಿದ್ದರೋ.

ಸರ್ಕಾರಕ್ಕೆ ಆನೆಯ ಚಿಂತೆಯೇ ಇಲ್ಲವೆಂದರೆ ನಾಲಿಗೆ ಬಿದ್ದೀತು. ಆನೆ ಸಾಗಿಸುವ ಚಿಂತೆ ಬಹಳ ಇದೆ. ವನ್ಯಜೀವಿ ಕಾಯ್ದೆಯನ್ನು 2022ರಲ್ಲಿ ತಿದ್ದಿ, ಮಾಲೀಕತ್ವದ ಪತ್ರವಿರುವ ಆನೆಯನ್ನು ಧಾರ್ಮಿಕ ಅಥವಾ ಬೇರೆ ಯಾವುದೇ ಉದ್ದೇಶಕ್ಕೆ ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಲು ದಾರಿ ಮಾಡಿದರು. 2024ರಲ್ಲಿ ಅದಕ್ಕೆ ನಿಯಮಗಳೂ ಬಂದವು: ಪಶುವೈದ್ಯರ ಪ್ರಮಾಣಪತ್ರ ಬೇಕು, ಆನೆಯ ಡಿಎನ್‌ಎ ವಿವರ ಸರ್ಕಾರದ ಆ್ಯಪಿನಲ್ಲಿ ದಾಖಲಾಗಬೇಕು. ಆನೆ ಯಾವುದೆಂದು ಡಿಎನ್‌ಎಯಿಂದ ತಿಳಿದುಕೊಳ್ಳುವ ಸರ್ಕಾರ, ಅದರ ಮೇಷ್ಟ್ರು ಯಾರಾಗಿದ್ದರು, ಏನು ಹಿಡಿದು ಪಾಠ ಹೇಳಿದರು ಎಂದು ಎಲ್ಲೂ ಕೇಳುವುದಿಲ್ಲ. ‘ಕಲಿತ ಬಗೆ’ ಎಂಬ ಒಂದು ಕಾಲಂ ಆ ಫಾರಮ್ಮಿಗೆ ಸೇರಿಸಿದ್ದರೆ ಎಷ್ಟೋ ಲಾರಿಗಳು ಹೊರಡುತ್ತಲೇ ಇರಲಿಲ್ಲ.

ಹೆದರಿಸದಿದ್ದರೆ ಆನೆ ಮಾತು ಕೇಳೀತೇ, ಮಾವುತನ ಪ್ರಾಣಕ್ಕೆ ಯಾರು ಹೊಣೆ ಎಂದು ತಮ್ಮ ಅಭಿಮಾನಿಗಳು ಕೇಳುತ್ತಾರೆ. ಪ್ರಶ್ನೆ ಸುಳ್ಳಲ್ಲ, ಆನೆ ತುಳಿದು ಸತ್ತ ಮಾವುತರೂ ಸುಳ್ಳಲ್ಲ. ಆದರೆ ದಪ್ಪ ಸರಳುಗಳ ಈಚೆ ಮನುಷ್ಯ, ಆಚೆ ಆನೆ ನಿಂತು, ಕಾಲು ಚಾಚಿದರೆ ಬಾಳೆಹಣ್ಣು, ಚಾಚದಿದ್ದರೆ ಏನೂ ಇಲ್ಲ ಎಂಬ ಕರಾರಿನಲ್ಲಿ ಪಾದದ ಚಿಕಿತ್ಸೆ, ರಕ್ತ ಪರೀಕ್ಷೆ ಎಲ್ಲ ನಡೆಯುವ ಆನೆಮನೆಗಳು ಲೋಕದಲ್ಲಿವೆ. ಅಂಕುಶ ಬಳಸುವುದನ್ನು ಕ್ಯಾಲಿಫೋರ್ನಿಯಾ 2018ರಿಂದ ಕಾನೂನಿನಲ್ಲೇ ನಿಷೇಧಿಸಿದೆ. ಅಷ್ಟು ದೂರ ಯಾಕೆ, ಪಕ್ಕದ ಕೇರಳದ ಅರಣ್ಯ ಇಲಾಖೆ 2015ರಲ್ಲೇ ಕಬ್ಬಿಣದ ಅಂಕುಶ ಬೇಡವೆಂದು ಸುತ್ತೋಲೆ ಹೊರಡಿಸಿತು. ಸುತ್ತೋಲೆ ಸುತ್ತಿತು, ಅದರ ಹಿಂದೆ ನಿಂತು ಹೆದರಿಸಲು ತಮ್ಮಂಥ ಧೀರರಿದ್ದರೆ ಅದು ಎಷ್ಟು ದೂರ ಹೋದೀತು? ಭಯದಿಂದ ಪಳಗಿದ ಆನೆ ಭಯ ಮೀರಿದ ದಿನ ಮೊದಲು ತುಳಿಯುವುದು ಆ ದಿನಗೂಲಿಯವನನ್ನೇ. ಮಾಲೀಕ ಆ ಹೊತ್ತಿಗೆ ಮನೆಯಲ್ಲಿರುತ್ತಾನೆ.

ಈಗ ಬಂದ ವಿಷಯ. ಮೈಸೂರು ದಸರಾದಲ್ಲಿ 750 ಕಿಲೊ ತೂಕದ ಚಿನ್ನದ ಅಂಬಾರಿಯನ್ನು 2012ರಿಂದ ಎಂಟು ಸಲ ಹೊತ್ತ ಅರ್ಜುನನನ್ನು ತಾವು ಬಲ್ಲಿರಿ. ಅರವತ್ತು ತುಂಬಿದ ಆನೆಯ ಮೇಲೆ ಭಾರ ಹೊರಿಸಬಾರದೆಂದು 2020ರಲ್ಲಿ ಅವನ ಬೆನ್ನಿನಿಂದ ಅಂಬಾರಿ ಇಳಿಸಿ ಅಭಿಮನ್ಯು ಎಂಬ ಇನ್ನೊಂದು ಆನೆಗೆ ಕೊಟ್ಟರು. ಅದೇ ವರ್ಷ ತಮಗೂ ಅರವತ್ತು ತುಂಬಿತು. ದೇಶದ ಅಷ್ಟೂ ಪ್ರಾಣಿಗಳ ನೋವನ್ನು ಹೊತ್ತ ತಮ್ಮ ಬೆನ್ನಿನಿಂದ ಯಾರೂ ಏನನ್ನೂ ಇಳಿಸಲಿಲ್ಲ. ಅಂಬಾರಿ ಹೊರಲು ವಯಸ್ಸಾಯಿತೆನಿಸಿಕೊಂಡ ಅರ್ಜುನನಿಗೆ ಕಾಡಾನೆ ಹಿಡಿಯಲು ವಯಸ್ಸಾಗಿರಲಿಲ್ಲ; 2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ಬಳಿ ಒಂಟಿ ಸಲಗದ ಜೊತೆ ಕಾದಾಡಿ ಸತ್ತ. ತಮ್ಮನ್ನೂ ಹಾಗೆ ಕೊನೆಯುಸಿರಿನ ತನಕ ದುಡಿಸಿಕೊಳ್ಳುವುದು ನ್ಯಾಯವಲ್ಲ.

ಆದ್ದರಿಂದ ತಾವು ಸ್ವಯಂ ನಿವೃತ್ತಿ ಪಡೆಯಬೇಕೆಂದು ವಿನಂತಿ. ಹೋಗುವಾಗ ತಮ್ಮ ಮೂರು ತಿಂಗಳ ಸೋದರನನ್ನೂ ಕರೆದೊಯ್ಯಿರಿ. ತಮ್ಮ ಜಾಗಕ್ಕೆ ಬರುವವರು ಆನೆ ಹೇಗೆ ಕಲಿಯಿತೆಂದು ಮೊದಲು ಕೇಳಲಿ, ಮಾಲೀಕನನ್ನು ಮೊದಲು ಕರೆಸಲಿ, ಮಾವುತನಿಗೆ ಹೊಡೆಯದೆ ಕಲಿಸುವ ತರಬೇತಿಯನ್ನೂ ಅದಕ್ಕೆ ತಕ್ಕ ಸಂಬಳವನ್ನೂ ಕೊಡಿಸಲಿ. ತಮ್ಮ ಬೀಳ್ಕೊಡುಗೆಯ ಶಾಲು, ಹಾರ, ಹಣ್ಣಿನ ಬುಟ್ಟಿ, ವಾಲಗ ಎಲ್ಲ ನಮ್ಮ ಖರ್ಚು.

ಮೆರವಣಿಗೆಗೆ ಆನೆ ಮಾತ್ರ ಕೇಳಬೇಡಿ.

ಇಂತಿ ತಮ್ಮ ವಿಧೇಯ,
ಹತ್ತರ ನೋಟು ಚಾಚಿದ ಭಕ್ತರಲ್ಲೊಬ್ಬ