ಬರ್ಲಿನ್ನಿಗೆ ಹೋದರೆ ವೀಗನ್ ಅಂತಲೇ ಹೇಳಿ

ಮೊಟ್ಟೆ ಮುಟ್ಟದ, ಆದರೆ ಮೊಸರಿಲ್ಲದೆ ಊಟ ಮುಗಿಸದ ನಮ್ಮ ಕಡೆಯ ಸಸ್ಯಾಹಾರಿಗಳಿಗೆ ಒಂದು ಬಿಟ್ಟಿ ಸಲಹೆ. ಬರ್ಲಿನ್ನಿಗೆ ಹೋದರೆ ಹೋಟೆಲಿನಲ್ಲಿ ಕೂತು ‘ನಾವು ವೆಜಿಟೇರಿಯನ್’ ಅನ್ನಬೇಡಿ. ಎದೆ ತಟ್ಟಿಕೊಂಡು ‘ವೀಗನ್’ ಅನ್ನಿ. ಸುಳ್ಳು ಹೇಳಿದ ಪಾಪ ಕಾಡಿದರೆ ಊರಿಗೆ ಬಂದಮೇಲೆ ಎರಡು ಸೌಟು ಮೊಸರು ಹೆಚ್ಚಿಗೆ ಬಡಿಸಿಕೊಂಡು ತೊಳೆದುಕೊಂಡರಾಯಿತು.

ಯಾಕೆ ಅಂತೀರಾ? ಅಲ್ಲಿಯ ವೆಜಿಟೇರಿಯನ್ ಲೆಕ್ಕದಲ್ಲಿ ಮೊಟ್ಟೆ ನಿಶ್ಚಿಂತೆಯಿಂದ ಒಳಗೇ ಕೂತಿರುತ್ತದೆ. ಆಲೂಗಡ್ಡೆ ತುರಿದು ಕರಿಯುವ ಪುಫರ್‌ನಲ್ಲಿ ಮೊಟ್ಟೆ, ನೂಡಲ್ಸಿನ ದಾಯಾದಿ ಸ್ಪೆಟ್ಸ್‌ಲೆಯಲ್ಲಿ ಮೊಟ್ಟೆ, ಅದರ ತಲೆಯ ಮೇಲೆ ಚೀಸು. ಆ ಚೀಸು ಅಸಲಿ ಪಾರ್ಮಿಜಾನೊ ಆಗಿದ್ದರೆ ಇನ್ನೂ ಕಷ್ಟ. ಅದಕ್ಕೆ ಹೆಪ್ಪು ಹಾಕುವುದು ಎಳೆಗರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದಲೇ, ಇಟಲಿಯವರ ನಿಯಮವೇ ಹಾಗಿದೆ. ವೀಗನ್ ಅಂದಿರೋ, ಇವೆಲ್ಲ ಒಂದೇ ಏಟಿಗೆ ತಟ್ಟೆಯಿಂದಾಚೆ. ಅಲ್ಲದೆ ನಿಮ್ಮ ಸೂಟ್‌ಕೇಸು ನಿಮಗಿಂತ ಮೊದಲೇ ವೀಗನ್ ಆಗಿರುತ್ತದೆ. ನಮ್ಮಲ್ಲಿಂದ ಐರೋಪ್ಯ ಒಕ್ಕೂಟದೊಳಗೆ ಹಾಲಿನ ಪದಾರ್ಥಗಳನ್ನು ಸ್ವಂತಕ್ಕೆ ಅಂತಲೂ ಒಯ್ಯುವಂತಿಲ್ಲ. ತುಪ್ಪದ ಡಬ್ಬಿ, ಧಾರವಾಡ ಪೇಡೆ ಎರಡೂ ಮನೆಯಲ್ಲೇ ಉಳಿಯಬೇಕು. ನಮ್ಮಕ್ಕ ಚಟ್ನಿಪುಡಿ ಮಾತ್ರ ಕಟ್ಟಿಕೊಂಡಳು.

ನಾನು ಈ ರೀತಿ ಅನುಕೂಲಸಿಂಧು ವೀಗನ್. ಅಕ್ಕನ ಯಜಮಾನರು, ಅಂದರೆ ನಮ್ಮ ಭಾವ, ಅಸಲಿ. ಹೋಳಿಗೆಗೆ ತುಪ್ಪ ಸಾಲದು ಅಂತ ಬೀಗರ ಮನೆಯಲ್ಲಿ ಮುನಿಸಿಕೊಂಡ ಮಹಾನುಭಾವರು, ರಿಟೈರಾದಮೇಲೆ ಯೂಟ್ಯೂಬ್ ನೋಡಿ ನೋಡಿ ಹಸುವಿನ ಪರ ವಕಾಲತ್ತು ವಹಿಸಿಬಿಟ್ಟರು. ಹೊಸದಾಗಿ ದೀಕ್ಷೆ ತೊಟ್ಟವರ ಮಡಿ ಗೊತ್ತಲ್ಲ? ಬರ್ಲಿನ್ನಿನಲ್ಲಿ ಓದುತ್ತಿರುವ ಮಗಳನ್ನು ನೋಡಲು ಹೊರಟಾಗ ಬಟ್ಟೆಗಿಂತ ಮೊದಲು ಭೂತಕನ್ನಡಿ ಚೀಲಕ್ಕೆ ಬಿತ್ತು.

ಅದು ಕೆಲಸಕ್ಕೂ ಬಂತು ಅನ್ನಿ. ಅಲ್ಲಿ 2014ರ ಡಿಸೆಂಬರ್‌ನಿಂದ ಒಂದು ಕಾನೂನಿದೆ: ಅಲರ್ಜಿ ತರುವ 14 ಬಗೆಯ ಪದಾರ್ಥಗಳಲ್ಲಿ ಯಾವುದು ಅಡುಗೆಗೆ ಬಿದ್ದಿದ್ದರೂ ಹೋಟೆಲಿನವರು ಗಿರಾಕಿಗೆ ತಿಳಿಸಲೇಬೇಕು. ಹಾಲು, ಮೊಟ್ಟೆ, ಮೀನು ಮೂರೂ ಆ ಪಟ್ಟಿಯಲ್ಲಿವೆ. ಮೆನುವಿನಲ್ಲಿ ತಿಂಡಿಯ ಹೆಸರಿನ ಪಕ್ಕ ಇರುವೆ ಗಾತ್ರದ ಅಕ್ಷರಗಳಿದ್ದರೆ ಅದರ ಗುಟ್ಟು ಸಾಮಾನ್ಯವಾಗಿ ಕೊನೇ ಪುಟದಲ್ಲಿ. ಒಂದು ಹೋಟೆಲಿನ ಅಕ್ಷರ ಇನ್ನೊಂದಕ್ಕೆ ಹೊಂದುತ್ತದೆ ಅಂತಲೂ ಇಲ್ಲ. ಭಾವ ಅದನ್ನು ಪಾರಾಯಣ ಮಾಡಿ ಮುಗಿಸುವಷ್ಟರಲ್ಲಿ ಅಕ್ಕ ಪಕ್ಕದ ಬೇಕರಿಗೆ ಹೋಗಿ ರೈ ಬ್ರೆಡ್ಡು ತಂದು ತಿಂದೂ ಆಗಿರುತ್ತಿತ್ತು. ಹಿಟ್ಟು, ನೀರು, ಉಪ್ಪು, ಹುಳಿಹಿಟ್ಟು, ಇಷ್ಟರಲ್ಲೇ ಆಗುವ ಆ ಕಪ್ಪು ಬ್ರೆಡ್ಡು ಬರ್ಲಿನ್ನಿನಲ್ಲಿ ಕಣ್ಣು ಮುಚ್ಚಿ ತಿನ್ನಬಹುದಾದ ಪದಾರ್ಥ. ಹುಳಿ ಕೋಸಿನ ಸೌರ್‌ಕ್ರೌಟ್, ಹುರಿದ ಆಲೂಗಡ್ಡೆ ಇವುಗಳನ್ನು ಕಣ್ಣು ತೆರೆದೇ ತಿನ್ನಿ. ನೋಡಲು ನಮ್ಮ ಪಲ್ಯದವರೇ, ಆದರೆ ಒಳಗೆ ಹಂದಿಯ ಕೊಬ್ಬು ನಗುತ್ತಿರುವುದುಂಟು.

ಇನ್ನು ಗೆಮ್ಯೂಸೆ ಕೆಬಾಪ್. ಭಾವ ಹೊರಡುವ ಮುಂಚೆ ಫೋನಿನಲ್ಲಿ ಜರ್ಮನ್ ಕಲಿತಿದ್ದರಿಂದ ಗೆಮ್ಯೂಸೆ ಅಂದರೆ ತರಕಾರಿ ಅಂತ ಗೊತ್ತಿತ್ತು. ಬೋರ್ಡು ಕಂಡವರೇ ಕ್ಯೂ ಸೇರಿದರು. ಮುಂದೆ ಆಳೆತ್ತರದ ಸರಳಿಗೆ ಚುಚ್ಚಿದ ಮುದ್ದೆ ತಿರುಗುತ್ತಿದೆ, ಜಿಡ್ಡು ತೊಟ್ಟಿಕ್ಕುತ್ತಿದೆ, ಉದ್ದನೆ ಚಾಕು ಹಿಡಿದವನು ಪದರ ಪದರವಾಗಿ ಕೆರೆಯುತ್ತಿದ್ದಾನೆ.

“ಭಾವ, ಅದು ಕೋಳಿ.”

“ತರಕಾರಿ ಅಂತ ಅಷ್ಟು ದಪ್ಪಕ್ಕೆ ಬರೆದಿದಾರಲ್ಲಮ್ಮ!”

“ಕೋಳಿ ಜೊತೆ ಬದನೇಕಾಯಿ, ಆಲೂಗಡ್ಡೆ ಕರಿದು ಹಾಕ್ತಾರೆ. ಅದಕ್ಕೆ.”

ಭಾವ ಗಂಭೀರವಾಗಿ ಕ್ಯೂ ಬಿಟ್ಟರು. ಆಮೇಲೆ ಎರಡು ಬೀದಿ ದಾಟುವವರೆಗೂ ಗ್ರಾಹಕರ ಹಕ್ಕಿನ ಬಗ್ಗೆ ಭಾಷಣ.

ಆ ಸಿಟ್ಟಿನಲ್ಲಿ ಅವರು ನಮ್ಮನ್ನು ಎಳೆದುಕೊಂಡು ಹೋದದ್ದು ಒಂದು ಇಂಡಿಯನ್ ರೆಸ್ಟೋರೆಂಟಿಗೆ. ನನ್ನ ಖಚಿತ ಅಭಿಪ್ರಾಯ: ಬರ್ಲಿನ್ನಿನಲ್ಲಿ ವೀಗನ್ನರಿಗೆ ಅತಿ ಅಪಾಯದ ಜಾಗ ಅದೇ. ದಾಲಿಗೆ ಬೆಣ್ಣೆ, ನಾನ್‌ಗೆ ಮೊಸರು, ಉಳಿದದ್ದಕ್ಕೆಲ್ಲ ಕ್ರೀಮು, ಎಲ್ಲದರ ಬಣ್ಣವೂ ಕಿತ್ತಳೆ. “ಕ್ರೀಮ್ ಬಿಲ್ಕುಲ್ ನಹೀ?” ಅಂತ ಭಾವ ಮೂರು ಸಲ ಕೇಳಿದರು. “ಬಿಲ್ಕುಲ್ ನಹೀ ಅಂಕಲ್‌ಜೀ, ಬಸ್ ಥೋಡಾ ಸಾ” ಅಂದ ಬಡಿಸುವ ಹುಡುಗ. ಸ್ವದೇಶಾಭಿಮಾನ ಅಲ್ಲಿಗೇ ಮುಗಿಯಿತು.

ಹಾಗಾದರೆ ಹೊಟ್ಟೆ ತುಂಬಿದ್ದೆಲ್ಲಿ? ಬೇರೆ ಊರುಗಳಿಂದ ಬಂದು ನೆಲೆಸಿದವರ ಅಂಗಡಿಗಳಲ್ಲಿ. ನಾಯ್‌ಕ್ಯೋಲ್ನ್ ಕಡೆ ಸೊನ್ನೆನ್‌ಅಲ್ಲೆ ಅಂತ ಉದ್ದನೆಯ ಬೀದಿ, ಎರಡೂ ಬದಿ ಅರಬ್ಬರ ಅಂಗಡಿ. ಕಡಲೆಕಾಳು ನೆನೆಸಿ ರುಬ್ಬಿ, ಕೊತ್ತಂಬರಿ ಸೊಪ್ಪು ಹಾಕಿ ಕಣ್ಣೆದುರೇ ಎಣ್ಣೆಗೆ ಬಿಡುವ ಫಲಾಫಲ್, ಹಮ್ಮುಸ್, ಉಪ್ಪಿನಕಾಯಿ ಟರ್ನಿಪ್ಪು. ಇವರಿಗೆ ವೀಗನ್ ಅಂತ ವಿವರಿಸುವ ಗೊಡವೆಯೇ ಬೇಡ, ತಾತನ ಕಾಲದಿಂದ ಹೀಗೇ ಮಾಡಿಕೊಂಡು ಬಂದಿದ್ದಾರೆ. ಒಂದೇ ಒಂದು ಕಡೆ ಎಚ್ಚರ ಬೇಕು: ಸಾಸು. ಯಾವ ಸಾಸ್ ಹಾಕಲಿ ಅಂತ ಗುಂಡು ಹೊಡೆದ ಹಾಗೆ ಕೇಳುತ್ತಾರೆ. ಬೆಳ್ಳುಳ್ಳಿಯದು, ಸೊಪ್ಪಿನದು ಅಂದರೆ ಬಹುಮಟ್ಟಿಗೆ ಮೊಸರು ಇಲ್ಲವೇ ಮೊಟ್ಟೆಯ ಮೇಯನೇಸು. ಎಳ್ಳಿನ ತಹೀನಿ, ಜೊತೆಗೆ ಖಾರದ್ದು, ಅಂದುಬಿಡಿ. ಸುಡಾನಿನವರ ಗೂಡಂಗಡಿ ಸಿಕ್ಕಿದರೆ ಬಿಡಬೇಡಿ. ಅವರು ಫಲಾಫಲ್ ಮೇಲೆ ಹುಯ್ಯುವ ಶೇಂಗಾ ಸಾಸಿಗೆ ನಮ್ಮಕ್ಕ ಕಟ್ಟಿಕೊಂಡು ಹೋಗಿದ್ದ ಚಟ್ನಿಪುಡಿ ಉದುರಿಸಿ ನೋಡಿದಳು. ಅಂಗಡಿಯಾತನೂ ಕೈ ಒಡ್ಡಿ ಚಿಟಿಕೆ ಇಸಕೊಂಡ.

ತುರ್ಕಿಗಳದ್ದು ಇನ್ನೊಂದು ಬಗೆ. 1961ರ ಒಪ್ಪಂದದ ಮೇಲೆ ಪಶ್ಚಿಮ ಜರ್ಮನಿಗೆ ಕೂಲಿಗೆ ಬಂದು ಊರಿನ ನಾಲಿಗೆಯನ್ನೇ ಬದಲಿಸಿದವರು. ಅವರ ಚೀ ಕೋಫ್ತೆ ಹಿಂದೆ ಹಸಿ ಮಾಂಸದ್ದಂತೆ. ಈಗ ಅಂಗಡಿಗಳಲ್ಲಿ ಸಿಗುವುದು ಗೋಧಿ ನುಚ್ಚನ್ನು ಕೆಂಪು ಮೆಣಸಿನ ಪೇಸ್ಟಿನ ಜೊತೆ ನಾದಿ ನಾದಿ ಮಾಡಿದ್ದು. ತೆಳು ರೊಟ್ಟಿಯ ಮೇಲೆ ಬೆರಳಿನಿಂದ ಒತ್ತಿ, ಲೆಟ್ಯೂಸ್ ಎಲೆ ಹರವಿ, ದಾಳಿಂಬೆಯ ಹುಳಿ ಸುರಿದು ಸುತ್ತಿ ಕೊಡುತ್ತಾರೆ. ಭಾವ ಒಂದು ತಿಂದು, ಭೂತಕನ್ನಡಿಯನ್ನು ಜೇಬಿಗೆ ಹಾಕಿ, ಇನ್ನೊಂದು ಕೇಳಿದರು. ಪೂರ್ವ ಜರ್ಮನಿಯವರು ಕಾರ್ಖಾನೆ ಕೆಲಸಕ್ಕೆ ಕರೆಸಿಕೊಂಡದ್ದು ವಿಯೆಟ್ನಾಮಿನವರನ್ನು. 1989ರಲ್ಲಿ ಗೋಡೆ ಬಿದ್ದಾಗ ಅಂಥ ಗುತ್ತಿಗೆಯವರು ಸುಮಾರು 60 ಸಾವಿರ. ಇವತ್ತು ಬರ್ಲಿನ್ನಿನ ಮೂಲೆ ಮೂಲೆಯಲ್ಲಿ ತೋಫು, ನೂಡಲ್ಸು ಸಿಗುವುದರ ಹಿಂದೆ ಆ ಕಥೆಯೂ ಇದೆ. ಮೀನಿನ ಸಾಸ್ ಬೇಡ ಅಂತ ಒಂದು ಮಾತು ಮೊದಲೇ ಹೇಳಿಬಿಡಿ.

ದುಡ್ಡು ಹೆಚ್ಚಾಗಿದ್ದರೆ ಕುಕೀಸ್ ಕ್ರೀಮ್ ಇದೆ. ಮಾಂಸ, ಮೀನು ಬೇಯಿಸದೆಯೇ ಮಿಶೆಲಿನ್ ತಾರೆ ಗೆದ್ದ ಹೋಟೆಲು. ಒಳಗೆ ಹೋಗಬೇಕಾದ್ದು ಹಿತ್ತಲ ಓಣಿಯಿಂದ, ಕಸದ ಡಬ್ಬಿಗಳನ್ನು ದಾಟಿ. ನಾವು ಡಬ್ಬಿಗಳವರೆಗೆ ಹೋಗಿ ನೋಡಿ ವಾಪಸಾದೆವು.

ವೀಗನ್ ಅಂದಮೇಲೆ ಆರೋಗ್ಯ ತಾನಾಗಿ ಬರುತ್ತದೆ ಅನ್ನುವ ಭಾವನವರ ನಂಬಿಕೆಯನ್ನು ಬರ್ಲಿನ್ ಚೆನ್ನಾಗಿ ಸಾಕಿತು. ಪೂರಾ ವೀಗನ್ ಡೋನಟ್ ಮಾರುವ ಬ್ರಾಮಿಬಾಲ್ಸ್, ಕರ್ರಿವುರ್ಸ್ಟ್ ಗಾಡಿಗಳಲ್ಲಿ ವೀಗನ್ ಸಾಸೇಜು, 2024ರಲ್ಲಿ ವಾರ್ಷೌವರ್ ಸೇತುವೆಯ ಹತ್ತಿರ ರೇವೆ ಕಂಪನಿ ತೆರೆದ ಸಸ್ಯಜನ್ಯ ಪದಾರ್ಥಗಳದ್ದೇ ಸೂಪರ್‌ಮಾರ್ಕೆಟ್ಟು. “ಇದರಲ್ಲಿ ಒಂದು ಹನಿ ಬೆಣ್ಣೆಯಿಲ್ಲ” ಅಂತ ಹೇಳಿಕೊಂಡು ಅವರು ತಿಂದ ಡೋನಟ್ಟಿನ ಸಕ್ಕರೆಯಲ್ಲಿ ಒಂದು ಸತ್ಯನಾರಾಯಣ ಪೂಜೆಯ ಸಪಾದ ಆಗುತ್ತಿತ್ತು. ನನ್ನನ್ನು ಕೇಳಿದರೆ ಆ ನಕಲಿ ಸಾಸೇಜು, ನಕಲಿ ಚೀಸು ಯಾವುದಕ್ಕೂ ನಾವು ದುಡ್ಡು ದಂಡ ಮಾಡಬೇಕಿಲ್ಲ. ಅಸಲಿಯ ರುಚಿಯೇ ಗೊತ್ತಿಲ್ಲದವರಿಗೆ ನಕಲಿಯ ಚಮತ್ಕಾರ ಏನು ಹತ್ತೀತು? ಓಟ್ಸ್ ಹಾಲಿನ ಕಾಫಿ ಮಾತ್ರ ಪರವಾಗಿಲ್ಲ. ಬಾದಾಮಿ ಹಾಲಿನದು ತೊಳೆದ ನೀರು.

ಕೊನೆಗೆ ಗೆದ್ದದ್ದು ಮಗಳ ಕಾಲೇಜಿನ ಮೆನ್ಸಾ, ಅಂದರೆ ವಿದ್ಯಾರ್ಥಿಗಳ ಕ್ಯಾಂಟೀನು. ಬರ್ಲಿನ್ನಿನ ವಿಶ್ವವಿದ್ಯಾಲಯಗಳ 34 ಕ್ಯಾಂಟೀನುಗಳಲ್ಲಿ 2021ರ ಅಕ್ಟೋಬರ್‌ನಿಂದ ಮೆನುವಿನ ಶೇ. 68 ಭಾಗ ವೀಗನ್, ಶೇ. 28 ವೆಜಿಟೇರಿಯನ್ ಅಂತ ಮಾಡಿದರು. ಮೀನು, ಮಾಂಸ ಮೂಲೆಗೆ. ಹೊರಗಿನವರಿಗೆ ದರ ಸ್ವಲ್ಪ ಜಾಸ್ತಿ, ಆದರೂ ಹೋಟೆಲಿಗಿಂತ ಸೋವಿ. ಟ್ರೇ ಹಿಡಿದು ಹುಡುಗರ ಸಾಲಿನಲ್ಲಿ ನಿಂತ ಭಾವ, ಬೇಳೆ ಸಾರಿನಂಥದ್ದನ್ನೇನೋ ತುಂಬಿಸಿಕೊಂಡು ಬಂದು, “ಇಲ್ಲೇ ಇದ್ದುಬಿಡಬಹುದು ಕಣೇ” ಅಂದರು.

“ಇದ್ದುಬಿಡಿ” ಅಂದಳು ಅಕ್ಕ. “ಮನೇಲಿ ಎರಡು ಥರ ಹಾಲು ಕಾಯಿಸೋದಾದ್ರೂ ತಪ್ಪುತ್ತೆ.”