ಆವರ್ತನ ಮೀಮಾಂಸೆ: ವ್ಯಾಪಾರಿಯು ಎಷ್ಟು ದಿನಕ್ಕೊಮ್ಮೆ ಬರೆಯತಕ್ಕದ್ದು?

1. ಅನುಬಂಧ ಚತುಷ್ಟಯ

ಯಾವ ಶಾಸ್ತ್ರವೇ ಆಗಲಿ, ಶುರುವಾಗುವ ಮುಂಚೆ ನಾಲ್ಕು ಮಾತು ತಿಳಿಸಬೇಕೆಂಬುದು ಹಿರಿಯರ ಕಟ್ಟಳೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಸರಕು ಮಾರುವವನು ಸರಕಿನ ಜೊತೆ ಬರಹವನ್ನೂ ಹೊರಡಿಸಬೇಕಾಗಿ ಬಂದಿರುವ ಈ ಕಲಿಯುಗದಲ್ಲಿ ಆ ಬರಹ ದಿನಕ್ಕೊಂದೋ, ವಾರಕ್ಕೊಂದೋ, ಹಬ್ಬಕ್ಕೊಂದೋ ಎಂಬುದು ವಿಷಯ. ಬರೆಯುವವನಿಗೆ ನಿದ್ದೆ, ಓದುವವನಿಗೆ ನೆಮ್ಮದಿ ಎಂಬುದು ಪ್ರಯೋಜನ. ಇವರಿಬ್ಬರ ನಡುವಿನ ಸಂಬಂಧ, ಮಾರ್ಕೆಟಿಂಗ್ ಏಜೆನ್ಸಿಯ ತಿಂಗಳ ಬಿಲ್ಲು. ಇನ್ನು ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹನಾದವನು: ಜಿಎಸ್‌ಟಿ ನೋಂದಣಿ ಮಾಡಿಸಿ, ವೆಬ್‌ಸೈಟಿನ ಮೊದಲ ವರ್ಷದ ಹಣ ಕಟ್ಟಿ, 'ಅದರಲ್ಲಿ ಏನಾದರೂ ಹಾಕ್ತಾ ಇರಬೇಕು' ಎಂಬ ಉಪದೇಶವನ್ನು ಅಳಿಯನಿಂದಲೋ ಅಕೌಂಟೆಂಟಿನಿಂದಲೋ ಒಮ್ಮೆಯಾದರೂ ಪಡೆದವನು.

2. ಸಂಶಯ

ಸಂಶಯ ಹುಟ್ಟಿದ್ದು ಪುರಾತತ್ವದಿಂದ. ಪೀಣ್ಯದಲ್ಲಿ ಬೋಲ್ಟು ಮಾಡುವ ಸಣ್ಣ ಕಾರ್ಖಾನೆಯೊಂದರ ವೆಬ್‌ಸೈಟನ್ನು ಉತ್ಖನನ ಮಾಡಿದರೆ 'ಸುದ್ದಿ ವಿಶೇಷ' ಎಂಬ ಪದರದಲ್ಲಿ ಸಾಮಾನ್ಯವಾಗಿ ಮೂರು ಶಾಸನಗಳು ಸಿಗುತ್ತವೆ. ಮೊದಲನೆಯದು, 'ನಮ್ಮ ಹೊಸ ವೆಬ್‌ಸೈಟಿಗೆ ಸ್ವಾಗತ'. ಎರಡನೆಯದು ಆಯುಧಪೂಜೆಯ ಶುಭಾಶಯ, ಲೇತ್ ಮಷಿನ್ನಿನ ಮುಂದೆ ಬೂದುಗುಂಬಳಕಾಯಿ ಒಡೆದ ಚಿತ್ರಸಹಿತ. ಮೂರನೆಯದು ಕನ್ನಡ ರಾಜ್ಯೋತ್ಸವದ ಶುಭಾಶಯ, ಇಂಗ್ಲಿಷಿನಲ್ಲಿ. ಅಲ್ಲಿಂದಾಚೆಗೆ ಅಕ್ಷರವಿಲ್ಲ.

ಇಲ್ಲಿ ವಿದ್ವಾಂಸರು ಎರಡು ಬಣ. ರಾಜ್ಯೋತ್ಸವದ ತರುವಾಯ ಯಾವುದೋ ಪ್ರಳಯದಲ್ಲಿ ಆ ನಾಗರಿಕತೆ ಅಳಿಯಿತೆಂದು ಒಂದು ಬಣ; ಬರೆಯುತ್ತಿದ್ದ ಹುಡುಗನಿಗೆ ವೈಟ್‌ಫೀಲ್ಡಿನಲ್ಲಿ ಕೆಲಸ ಸಿಕ್ಕಿತೆಂದು ಇನ್ನೊಂದು. ಕಾರ್ಖಾನೆ ಮಾತ್ರ ಎರಡು ಶಿಫ್ಟಿನಲ್ಲಿ ಓಡುತ್ತಲೇ ಇದೆ. ಬರಹ ನಿಂತರೂ ಬೋಲ್ಟು ನಿಲ್ಲಲಿಲ್ಲವೆಂದಮೇಲೆ, ಬರಹಕ್ಕೂ ಬೋಲ್ಟಿಗೂ ಕಾರ್ಯಕಾರಣ ಸಂಬಂಧ ಉಂಟೋ ಇಲ್ಲವೋ?

3. ಪೂರ್ವಪಕ್ಷಗಳು

ಮೀಮಾಂಸಕರು ಕರ್ಮವನ್ನು ನಿತ್ಯ, ನೈಮಿತ್ತಿಕ, ಕಾಮ್ಯ ಎಂದು ವಿಂಗಡಿಸಿದ್ದು ಈ ಚರ್ಚೆಗೆಂದೇ ಹೇಳಿ ಮಾಡಿಸಿದಂತಿದೆ.

ನಿತ್ಯವಾದಿಗಳದು ಮೊದಲ ಪಕ್ಷ. ಸಂಧ್ಯಾವಂದನೆಯಂಥ ನಿತ್ಯಕರ್ಮದ ಲಕ್ಷಣ ಪ್ರಸಿದ್ಧ: ಮಾಡಿದರೆ ವಿಶೇಷ ಫಲವೇನಿಲ್ಲ, ಬಿಟ್ಟರೆ ಮಾತ್ರ ಪ್ರತ್ಯವಾಯ ದೋಷ. ಹೀಗೆ, ಬರೆದರೆ ಗಿರಾಕಿ ಬರುತ್ತಾನೆಂದು ನಿತ್ಯವಾದಿ ಭರವಸೆ ಕೊಡುವುದಿಲ್ಲ. ಬರೆಯದಿದ್ದರೆ ಗೂಗಲ್ ಮುನಿಯುತ್ತದೆ ಎನ್ನುತ್ತಾನೆ. ಉದಾಹರಣೆಗೆ ಒಂದು ಹಲ್ಲಿನ ಕ್ಲಿನಿಕ್ ತೆಗೆದುಕೊಳ್ಳೋಣ. ಮೊದಲ ದಿನ 'ಹಲ್ಲುಜ್ಜುವುದರ ಹತ್ತು ಲಾಭಗಳು'. ಎರಡನೇ ದಿನ 'ಹಲ್ಲುಜ್ಜದಿರುವುದರ ಹತ್ತು ನಷ್ಟಗಳು'. ಮೂರನೇ ದಿನ 'ಹಲ್ಲನ್ನು ರಾತ್ರಿ ಏಕೆ ಉಜ್ಜಬೇಕು?' ಮೂರನೇ ವಾರಕ್ಕೆ ಬಾಯಲ್ಲಿರುವ ಮೂವತ್ತೆರಡೂ ತೀರಿ, ತಿಂಗಳ ಕೊನೆಗೆ 'ಹಲ್ಲು ಮತ್ತು ಭಾರತೀಯ ಸಂಸ್ಕೃತಿ' ಎಂಬಲ್ಲಿಗೆ ಬರುತ್ತದೆ. ಅಷ್ಟರಲ್ಲಿ, ರೂಟ್ ಕೆನಾಲ್‌ಗೆ ಎಷ್ಟಾಗುತ್ತದೆ, ಎಷ್ಟು ಸಲ ಬರಬೇಕು ಎಂದು ಹುಡುಕಿಕೊಂಡು ಬಂದವನು ಕೆನ್ನೆ ಹಿಡಿದುಕೊಂಡು ಹಿಂದಿರುಗಿರುತ್ತಾನೆ.

ನೈಮಿತ್ತಿಕವಾದಿಗಳದು ಎರಡನೆಯ ಪಕ್ಷ. ಗ್ರಹಣ ಬಂದರೆ ಸ್ನಾನ, ನಿಮಿತ್ತ ಬಂದರೆ ಬರಹ. ತತ್ತ್ವ ಸೊಗಸಾಗಿದೆ, ಅನುಷ್ಠಾನದಲ್ಲಿ ಕೆಡುತ್ತದೆ. ಸಂಕ್ರಾಂತಿಯಿಂದ ಹಿಡಿದು ಮಾರ್ಚ್ 22ರ ವಿಶ್ವ ಜಲ ದಿನದವರೆಗೆ ಎಲ್ಲಕ್ಕೂ ಅದೇ ಚೌಕಟ್ಟು, ಅದೇ ಲೋಗೊ; ದೀಪದ ಜಾಗದಲ್ಲಿ ನೀರಿನ ಹನಿ ಬಂದಿರುತ್ತದೆ, ಅಷ್ಟೆ. ನಿಮಿತ್ತಕ್ಕೆ ನಿಜವಾಗಿ ನ್ಯಾಯ ಒದಗಿಸಿದವರನ್ನು ನೋಡಬೇಕಾದರೆ 1966ರಿಂದ ನಡೆದುಬಂದಿರುವ ಅಮುಲ್ ಬೆಣ್ಣೆಯ ಹೋರ್ಡಿಂಗುಗಳನ್ನು ನೋಡಬೇಕು. ಸಿಲ್ವೆಸ್ಟರ್ ಡಕುನ್ಹಾ ಅವರ ತಂಡ ರೂಪಿಸಿದ ಆ ಚುಕ್ಕಿ ಫ್ರಾಕಿನ ಹುಡುಗಿ ಊರೆಲ್ಲ ಮಾತಾಡುತ್ತಿರುವುದರ ಬಗ್ಗೆಯೇ ಮಾತಾಡುತ್ತಾಳೆ. ನಮ್ಮ ಹಬ್ಬವಾದಿಗೆ ಹುಡುಗಿಯ ಆವರ್ತನ ಕಂಡಿತು, ಅವಳ ಚಮತ್ಕಾರ ಕಾಣಲಿಲ್ಲ.

ಮೂರನೆಯವರು ಕಾಮ್ಯವಾದಿಗಳು. ಹತ್ತು ತಿಂಗಳು ಮೌನ, ಆಷಾಢ ಸೇಲ್ ಬಂದಾಗ ದಿನಕ್ಕೆ ಐದು. ಇವರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಆಷಾಢದಲ್ಲಿ ಎಲ್ಲರ ಫೋನಿನಲ್ಲೂ ಇರುತ್ತಾರೆ.

ನಾಲ್ಕನೆಯವರು ಮೌನವಾದಿಗಳು. ಇವರ ಬಲ ಅರ್ಥಾಪತ್ತಿ ಪ್ರಮಾಣ. ದೇವದತ್ತ ದಪ್ಪಗಿದ್ದಾನೆ, ಹಗಲು ಉಣ್ಣುವುದಿಲ್ಲ; ಆದ್ದರಿಂದ ರಾತ್ರಿ ಉಣ್ಣುತ್ತಾನೆ ಎಂಬುದು ಶಾಸ್ತ್ರದ ಹಳೆಯ ಉದಾಹರಣೆ. ಹಾಗೆಯೇ, ಮೂಲೆಯ ದರ್ಶಿನಿಯ ಮುಂದೆ ಬೆಳಿಗ್ಗೆ ಏಳಕ್ಕೇ ಸಾಲು ಇದೆ, ಅದು ಈವರೆಗೆ ಒಂದಕ್ಷರ ಬರೆದಿಲ್ಲ. ಆದ್ದರಿಂದ ಬರೆಯುತ್ತಿರುವುದು ಚಟ್ನಿ. ವಾದಕ್ಕೆ ಉತ್ತರವಿಲ್ಲ. ಆದರೆ ಚಟ್ನಿ ಚೆನ್ನಾಗಿಲ್ಲದ ಹೋಟೆಲಿನವರೂ ಇದೇ ವಾದ ಹಿಡಿದು ಸುಮ್ಮನಿರುವುದು ಈ ಪಕ್ಷದ ದೌರ್ಬಲ್ಯ.

4. ಪ್ರಮಾಣ ಪರೀಕ್ಷೆ

ಮೊದಲು ಶಬ್ದ ಪ್ರಮಾಣ, ಅಂದರೆ ಆಪ್ತವಾಕ್ಯ. ನಿತ್ಯವಾದಿ ಯಾರ ಮುನಿಸಿಗೆ ಹೆದರುತ್ತಾನೋ ಆ ಗೂಗಲ್ಲೇ 2011ರ ಫೆಬ್ರವರಿಯಲ್ಲಿ 'ಪಾಂಡಾ' ಎಂದು ಹೆಸರಾದ ಬದಲಾವಣೆ ತಂದು, ಸಂಖ್ಯೆಗಾಗಿ ಬರಹ ಬೆಳೆಯುತ್ತಿದ್ದ ತಾಣಗಳನ್ನು ಕೆಳಕ್ಕೆ ತಳ್ಳಿತು. ಅಮೆರಿಕದ ಹುಡುಕಾಟಗಳಲ್ಲಿ ಸುಮಾರು ಶೇ. 12ರಷ್ಟು ಅಲ್ಲಾಡಿದವು. ಒಳಗಿನ ಮಾತು ಬದಲಾಗದೆ ಬರೀ ತಾರೀಖು ಬದಲಿಸಿ ಬರಹಕ್ಕೆ ಎಳೆತನ ಬರಿಸುತ್ತಿದ್ದೀರಾ ಎಂದೂ ಅದರ ಮಾರ್ಗದರ್ಶಿ ಕೇಳುತ್ತದೆ. ದೇವರೇ ನೈವೇದ್ಯ ಬೇಡವೆಂದರೂ ಪೂಜಾರಿ ಬಿಡಲೊಲ್ಲ.

ಎರಡನೆಯದು ಅನುಪಲಬ್ಧಿ. ನೆಲದ ಮೇಲೆ ಮಡಕೆ ಕಾಣದಿದ್ದರೆ ಮಡಕೆ ಇಲ್ಲವೆಂದೇ ಜ್ಞಾನ. ಬರಹ ಹಾಕಿ ವಾರವಾದರೂ 'ನಿಮ್ಮದು ಓದಿದೆ' ಎನ್ನುವವನು ಗಲ್ಲಾದ ಮುಂದೆ ಕಾಣದಿದ್ದರೆ ಓದುಗನಿಲ್ಲ. ಇದಕ್ಕೆ ಪ್ರತಿವಾದಿ ತಕ್ಷಣ 'ರೀಚ್' ಎಂಬ ಅಂಕಿ ತೋರಿಸುತ್ತಾನೆ. ಅದು ಬೆರಳು ಜಾರಿದ ಲೆಕ್ಕ, ಕಣ್ಣು ನಿಂತ ಲೆಕ್ಕವಲ್ಲವೆಂದು ಅದನ್ನು ತಳ್ಳಿಹಾಕಲಾಗಿದೆ.

ಮೂರನೆಯದು ಐತಿಹ್ಯ. ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ಎಂಬ ವರ್ತಕ ಸಂಘ ಮಧ್ಯಯುಗದಲ್ಲಿ ದಕ್ಷಿಣದ ಉದ್ದಗಲಕ್ಕೆ ಶಾಸನ ಹಾಕಿಸಿತು. ಈ ಸಂಘದವರ 1088ರ ತಮಿಳು ಶಾಸನ ಸುಮಾತ್ರಾದ ಬಾರುಸ್ ಬಳಿಯೂ ಸಿಕ್ಕಿದೆ. ಇವರ ಶಾಸನಗಳಲ್ಲಿ ಮೊದಲು ಉದ್ದುದ್ದ ಆತ್ಮಪ್ರಶಂಸೆ, ಆಮೇಲೆ ಯಾವ ಸರಕಿನ ಹೇರಿಗೆ ದೇವಸ್ಥಾನಕ್ಕೆ ಎಷ್ಟು ಎಂಬ ವಿವರ. ಕೊನೆಗೆ ನಮ್ಮ ಶಾಸನಗಳ ವಾಡಿಕೆಯಂತೆ, ಇದನ್ನು ಕಾಪಾಡಿದವನಿಗೆ ಪುಣ್ಯ, ಅಳಿಸಿದವನಿಗೆ ವಾರಣಾಸಿಯಲ್ಲಿ ಗೋವು ಕೊಂದ ಪಾಪ. ಇಂದಿನ ಕಂಪನಿ ಬರಹದ ಅಂಗರಚನೆಯೂ ಇದೇ. ಶಾಪದ ಜಾಗದಲ್ಲಿ 'ಇಂದೇ ಸಂಪರ್ಕಿಸಿ' ಬಂದು ಗೋವು ಮಾತ್ರ ಬದುಕಿಕೊಂಡಿದೆ. ಆದರೆ ಒಂದು ವ್ಯತ್ಯಾಸ ಗಮನಿಸಬೇಕು. ಐನೂರ್ವರು ಕಲ್ಲು ಕೆತ್ತಿಸಿದ್ದು ದಾನವೋ ಸುಂಕವೋ ಗೊತ್ತಾದಾಗ. ಸೋಮವಾರ ಬಂತೆಂದು ಯಾರೂ ಉಳಿ ಹಿಡಿಯಲಿಲ್ಲ.

ಐತಿಹ್ಯಕ್ಕೇ ಇನ್ನೊಂದು ಸಾಕ್ಷಿ: 1900ರಲ್ಲಿ ಫ್ರಾನ್ಸಿನ ಟೈರು ಕಂಪನಿ ಮಿಶೆಲಿನ್ ಒಂದು ಕೈಪಿಡಿ ಹೊರಡಿಸಿತು, ಸುಮಾರು 35,000 ಪ್ರತಿ, ಪುಕ್ಕಟೆ. ಆಗ ಆ ದೇಶದಲ್ಲಿದ್ದ ಕಾರುಗಳು ಕೆಲವೇ ಸಾವಿರ. ಟೈರು ಬದಲಿಸುವುದು ಹೇಗೆ, ಪೆಟ್ರೋಲು ಎಲ್ಲಿ, ರಾತ್ರಿ ತಂಗುವುದೆಲ್ಲಿ ಎಂಬಂಥ ವಿವರ ಅದರಲ್ಲಿತ್ತು. ಒಂದು ಗ್ಯಾರೇಜಿನಲ್ಲಿ ತಮ್ಮ ಪುಸ್ತಕವನ್ನು ಬೆಂಚಿನ ಕಾಲಿಗೆ ಆನಿಕೆ ಕೊಟ್ಟಿದ್ದನ್ನು ಮಾಲೀಕರು ಕಂಡು, 1920ರಿಂದ ಅದಕ್ಕೆ ಬೆಲೆ ಇಟ್ಟರೆಂದು ಕಂಪನಿಯೇ ಹೇಳಿಕೊಳ್ಳುತ್ತದೆ. ಪ್ರಕಟಣೆ ವರ್ಷಕ್ಕೊಂದು, ಬಿಚ್ಚಿ ನೋಡುವುದು ದಾರಿ ತಪ್ಪಿದಾಗಲೆಲ್ಲ.

ನಮ್ಮಲ್ಲಿ ಇದಕ್ಕೆ ಸಾಟಿ 1921ರಿಂದ ಹೊರಬರುತ್ತಿರುವ ಬೆಂಗಳೂರು ಪ್ರೆಸ್ ಕ್ಯಾಲೆಂಡರ್. ಅಡುಗೆಮನೆ ಬಾಗಿಲ ಪಕ್ಕ ತೂಗುವ ಇದನ್ನು ಹತ್ತಿರ ಹೋಗಿ ನೋಡಿದರೆ ಪ್ರತಿ ಚೌಕದಲ್ಲೂ ಮನೆಯೊಡತಿಯ ಕೈಬರಹ: ಗ್ಯಾಸ್ ಬಂದ ದಿನ, ಹಾಲು ಬೇಡವೆಂದ ದಿನ, ಕೆಲಸದವಳು ಬಾರದ ದಿನಕ್ಕೆ ಒಂದು ಕಾಟು. ಗಿರಾಕಿಯೇ ಬರೆದು ತುಂಬುವ ವ್ಯಾಪಾರಿ ಪ್ರಕಟಣೆ! ಕಂಪನಿ ಮಾಡಿದ್ದು ಚೌಕದಲ್ಲಿ ಜಾಗ ಬಿಟ್ಟದ್ದಷ್ಟೇ.

5. ಸೂತ್ರೀಕರಣ

ಈ ಆಧಾರಗಳಿಂದ ಗಣಿತಕ್ಕೆ ಬರೋಣ. ಬರಹದ ಪುಣ್ಯ = ಓದಿದ ಸಲ ÷ ಬರೆದ ಸಲ. ಕ್ಯಾಲೆಂಡರನ್ನು ದಿನಕ್ಕೆ ನಾಲ್ಕು ಸಲ ನೋಡುತ್ತಾರೆಂದು ಇಟ್ಟುಕೊಂಡರೆ 1,460 ÷ 1 = 1,460. ಹಲ್ಲಿನ ಕ್ಲಿನಿಕ್ಕಿನದು ಬರೆದದ್ದು 30, ಓದಿದ್ದು 30, ಅಷ್ಟನ್ನೂ ಬರೆದವನೇ. ಆದ್ದರಿಂದ ಪುಣ್ಯ 1. ದಿನಸಿ ಅಂಗಡಿಯ 'ಇಂದು ನಗದು ನಾಳೆ ಉದ್ರಿ' ಫಲಕಕ್ಕೆ ಛೇದ ಒಂದೇ, ಅಂಶಕ್ಕೆ ಮಿತಿಯಿಲ್ಲ. ಅದು ಯಾವ ದಿನ ಓದಿದರೂ ಅಂದೇ ಪ್ರಕಟವಾದಂತಿರುತ್ತದೆ. ತಾರೀಖು ಬದಲಿಸುವ ಅಗತ್ಯವೇ ಬರದಂತೆ ಬರೆದ ಆ ಅನಾಮಿಕ ಕವಿಗೆ ಈ ಶಾಸ್ತ್ರ ನಮಸ್ಕರಿಸುತ್ತದೆ.

6. ದೃಷ್ಟಾಂತ

ಚಳ್ಳಕೆರೆ ಕಡೆಯ ಒಂದು ಪಂಪ್‌ಸೆಟ್ ಅಂಗಡಿಯನ್ನು ಕಲ್ಪಿಸಿಕೊಳ್ಳಿ. ಗಲ್ಲಾದಲ್ಲಿ ಮಾಲೀಕ, ಎದುರಿಗೆ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಸಮೇತ ಬಂದ ಹುಡುಗ.

"ವಾರಕ್ಕೆ ಮೂರು ಆರ್ಟಿಕಲ್ ಹಾಕಲೇಬೇಕು ಸಾರ್. ಇಲ್ಲಾಂದ್ರೆ ಕಸ್ಟಮರ್ ನಮ್ಮನ್ನ ಮರೆತುಬಿಡ್ತಾರೆ."

"ಬೋರಿಗೆ ವಾರಕ್ಕೆ ಮೂರು ಸಲ ಮೋಟ್ರು ಇಳಿಸ್ತಾರೇನಪ್ಪಾ?"

ಹುಡುಗ ಉತ್ತರ ಹುಡುಕುವಷ್ಟರಲ್ಲಿ ಫೋನು. "ಅಣ್ಣೋ, ಮೋಟ್ರು ಓಡ್ತೈತೆ, ನೀರು ಮಾತ್ರ ಕಿರುಬೆರಳಷ್ಟು ಬರ್ತೈತೆ."

"ನಿನ್ನೆ ಟಿಸಿ ಹತ್ರ ಲೈನ್‌ಮ್ಯಾನ್ ಏನಾರ ಕೆಲ್ಸ ಮಾಡಿದ್ನಾ? ಹಂಗಾರೆ ಫೇಸು ಉಲ್ಟಾ ಆಗೈತೆ, ಮೋಟ್ರು ಹಿಂದ್ಮುಂದಾಗಿ ತಿರುಗ್ತೈತೆ. ಮೊದ್ಲು ಮೇನ್ ಇಳಿಸು. ಮೂರು ವೈರ್‌ನಾಗೆ ಯಾವ್ದಾರ ಎರಡು ಅದ್ಲು ಬದ್ಲು ಮಾಡ್ಸು. ಗೊತ್ತಿರೋನ ಕೈಲೇ ಮಾಡ್ಸು ಮತ್ತೆ."

ಫೋನಿಟ್ಟು ಮಾಲೀಕ ಹುಡುಗನ ಕಡೆ ತಿರುಗಿದರು. "ಇದನ್ನ ದಿನಾ ಒಬ್ಬರಿಗೆ ಹೇಳ್ತೀನಿ. ಹೂಂ, ನೀನೇನೋ ಬರೀಬೇಕು ಅಂದ್ಯಲ್ಲ, ಈ ವಾರದ್ದು ಏನು?"

ಹುಡುಗ ಪಟ್ಟಿ ನೋಡಿ ಹೇಳಿದ: "ವಿಶ್ವ ನಗು ದಿನ, ಸಾರ್."

ಇದರ ಮೇಲೆ ಟಿಪ್ಪಣಿ: ನಿಜವಾದ ಬರಹ ಫೋನಿನಲ್ಲಿ ಬಾಯಿಮಾತಾಗಿ ಹೋಯಿತು. ಅದನ್ನು ಒಂದು ಸಲ, ಸ್ಟಾರ್ಟರಿನ ಒಂದು ಚಿತ್ರದೊಂದಿಗೆ ಬರೆದಿಟ್ಟಿದ್ದರೆ, ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದು, ಮಾಲೀಕರು ಫೋನೆತ್ತದ ಹೊತ್ತಿನಲ್ಲೂ ಅದು ಹೊಲದ ಬದುವಿನ ಮೇಲೆ ಓದಿಸಿಕೊಳ್ಳುತ್ತಿತ್ತು.

7. ಸಿದ್ಧಾಂತ

ಇಷ್ಟು ಕಾಲ ಪ್ರಶ್ನೆಯನ್ನು ತಪ್ಪು ಮನುಷ್ಯನಿಗೆ ಕೇಳಲಾಗಿದೆ. ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಬರೆಯುವವನು ನಿರ್ಧರಿಸುವುದಲ್ಲ. ಓದುವವನಿಗೆ ಯಾವಾಗ ಬೇಕಾಗುತ್ತದೆ ಎಂಬುದರಿಂದ ಅದು ತಾನೇ ನಿರ್ಧಾರವಾಗುತ್ತದೆ. ಆದ್ದರಿಂದ ನಾಲ್ಕು ಸೂತ್ರಗಳು.

ಒಂದು: ಓದುವವನ ಗರಜೇ ಬರೆಯುವವನ ಪಂಚಾಂಗ. ಅಡಿಕೆ ಮಂಡಿಯವರು ದಿನಾ ಬರೆಯಲಿ. ಶಿರಸಿ, ಶಿವಮೊಗ್ಗದ ನಿನ್ನೆಯ ಧಾರಣೆ ಇವತ್ತಿಗೆ ಬರುವುದಿಲ್ಲ. ತೆರಿಗೆ ಸಲಹೆಗಾರ ತಿಂಗಳಿಗೊಮ್ಮೆ ಬರೆಯಲಿ. ತಿಂಗಳ ಲೆಕ್ಕ ಕೊಡುವವರಿಗೆ ಜಿಎಸ್‌ಟಿಆರ್ 3ಬಿ ಗಡುವು ಸಾಮಾನ್ಯವಾಗಿ 20ನೇ ತಾರೀಖು, ಎಚ್ಚರಿಕೆ 15ಕ್ಕೆ ಬೇಕು, 21ಕ್ಕಲ್ಲ. ಬೀಜ ಗೊಬ್ಬರದ ಅಂಗಡಿಗೆ ಮುಂಗಾರು ಹಿಂಗಾರು ಎರಡೇ ಪರ್ವಕಾಲ. ಬೋಲ್ಟಿನವರು ಅಳತೆಯ ಕೋಷ್ಟಕವೊಂದನ್ನು ಸರಿಯಾಗಿ ಹಾಕಿ ಮಷಿನ್ನಿನ ಕಡೆ ಹೋಗಲಿ.

ಎರಡು: ಗಲ್ಲಾದ ಮುಂದೆ ಮೂರು ಸಲ ಕೇಳಿದ್ದನ್ನು ಒಂದು ಸಲ ಬರೆ. ವಿಷಯ ಸಾಲುತ್ತಿಲ್ಲವೆಂದು ಗೋಳಾಡುವವನು ಗಲ್ಲಾದಲ್ಲಿ ಒಂದು ದಿನವೂ ಕೂತಿಲ್ಲವೆಂದು ತಿಳಿಯತಕ್ಕದ್ದು.

ಮೂರು: ಬದಲಾದರೆ ತಿದ್ದು, ಬದಲಾಗದಿದ್ದರೆ ತಾರೀಖು ಮುಟ್ಟಬೇಡ. ಹೊಸದು ಬರೆಯುವ ಉತ್ಸಾಹದಲ್ಲಿ ಹಳೆಯ ಬರಹದ ಹಳೆಯ ದರ ಹಾಗೇ ಉಳಿದರೆ, ಗಿರಾಕಿ ಅದೇ ಪುಟ ತೋರಿಸಿ ಅದೇ ದರಕ್ಕೆ ಕೇಳುತ್ತಾನೆ. ಆಗ ಪ್ರಾಯಶ್ಚಿತ್ತ ಕರ್ಮ ಅನಿವಾರ್ಯ.

ನಾಲ್ಕು: ಮೊದಲ ತಿಂಗಳ ವೇಗ ವೇಗವಲ್ಲ. ದಸರಾ ಗಿರಾಕಿಯ ನೂಕುನುಗ್ಗಲಲ್ಲೂ ಎಷ್ಟು ಬರೆಯಲಾಗುತ್ತದೋ ಅಷ್ಟೇ ನಿನ್ನ ಶಕ್ತಿ. ಅದಕ್ಕಿಂತ ಒಂದು ಕಮ್ಮಿ ಒಪ್ಪಿಕೋ.

8. ಫಲಶ್ರುತಿ

ಈ ಪ್ರಬಂಧವನ್ನು ನಿತ್ಯ ಪಾರಾಯಣ ಮಾಡಬೇಕಿಲ್ಲ, ಒಮ್ಮೆ ಓದಿದರೆ ಸಾಕು. ಓದಿದ ವ್ಯಾಪಾರಿಗೆ ಸೋಮವಾರದ ಭಯ ಪರಿಹಾರವಾಗುವುದು. ಹಲ್ಲಿನ ವೈದ್ಯರಿಗೆ ಸಂಸ್ಕೃತಿಯ ಹೊರೆ ಇಳಿಯುವುದು. ಬೆಂಗಳೂರಿನ ಹುಡುಗನಿಗೆ ಫೇಸು ಉಲ್ಟಾ ಆಗುವುದರ ಬಗ್ಗೆ ಒಳ್ಳೆಯದೊಂದು ಲೇಖನ ದಕ್ಕುವುದು. ಏಜೆನ್ಸಿಯ ಬಿಲ್ಲು ಮಾತ್ರ ಯಥಾಪ್ರಕಾರ ತಿಂಗಳಿಗೊಮ್ಮೆ ಬರುವುದು. ಅದು ನಿತ್ಯಕರ್ಮ, ಅದರ ಆವರ್ತನದ ಬಗ್ಗೆ ಯಾವ ಪಕ್ಷದಲ್ಲೂ ಭಿನ್ನಾಭಿಪ್ರಾಯವಿಲ್ಲ.